ಮೈದಾ ಅಂಟಿನ ನಿಲ್ದಾಣ

ಹುಬ್ಬಳ್ಳಿಯಲ್ಲಿ ಯಾರು ಆಟಿಕೆಯಂಥ ಮನೆ ಕಟ್ಟಿದರೂ ಬಣ್ಣ ಒಣಗುವಷ್ಟರಲ್ಲಿ ಹೆಬ್ಬೆರಳುದ್ದದ ಜನ ಬಂದು ಬಿಡಾರ ಹೂಡುವುದು ಮಾಮೂಲು. ನಿಜಗುಣಪ್ಪನ ರಟ್ಟಿನ ರೈಲು ನಿಲ್ದಾಣಕ್ಕೂ ಬಂದಿದ್ದರು. ಕಾರ್ಖಾನೆಯ ಕೆಲಸ ಹೋದ ಮೇಲೂ ಅವನು ಕಟ್ಟುವುದನ್ನು ಬಿಡಲಿಲ್ಲ. ಅಂಗಡಿಯ ಗೋಂದು ಬಿಟ್ಟು ಮೈದಾ ಕುದಿಸಿ ಅಂಟು ಮಾಡಿಕೊಂಡ, ಅಷ್ಟೆ.

ಇವತ್ತು ನೋಡಿದರೆ ಛಾವಣಿ ಮತ್ತೆ ಕುಸಿದಿತ್ತು. ಸಂದುಗಳಲ್ಲಿದ್ದ ಅಂಟನ್ನೆಲ್ಲ ಅವರು ನೆಕ್ಕಿ ಮುಗಿಸಿದ್ದರು. ನಿಜಗುಣಪ್ಪನಿಗೆ ತಲೆ ಕೆಟ್ಟುಹೋಯಿತು.

"ಎಷ್ಟ ಸಲ ಕಟ್ಟೂದ್ರೋ? ಇರೋ ಮನೀನ ತಿಂತಾರೇನ್ ಯಾರಾದ್ರೂ?"

ಪುಟ್ಟ ಸ್ಟೇಷನ್ ಮಾಸ್ತರ ಟೊಪ್ಪಿಗೆ ತೆಗೆದು ಮುಂದೆ ಬಂದ.

"ಹೊಟ್ಟಿ ಕೇಳಬೇಕಲ್ರೀ? ಮೊದಲ ನೀವು ಸಂಜೀಕ ಗಿರ್ಮಿಟ್ ತಿಂದ್ಕೋತ ಕಟ್ಟತಿದ್ರಿ. ಉದುರಿದ್ದು ನಮಗ ಸಾಕಾಗತಿತ್ರಿ."

"ಈಗೇನಾತು?"

"ಈಗ ನೀವ ಏನೂ ತಿನ್ನೂದಿಲ್ಲಲ್ರೀ."

ನಿಜಗುಣಪ್ಪ "ನಿಮ್ಮ ಕಾಟ ಸಾಕಾಗೇತಿ ನನಗ" ಎಂದು ಗೊಣಗುತ್ತಲೇ ಒಲೆ ಹೊತ್ತಿಸಿ ಮೈದಾ ಕುದಿಯಲಿಟ್ಟ. ಇಳಿಸುವ ಮುಂಚೆ ಚಿಟಿಕೆ ಉಪ್ಪು ಹಾಕಿ ರುಚಿ ನೋಡಿದ. ಆಮೇಲೆ ಆಚೀಚೆ ನೋಡಿ, ಇನ್ನೊಂದು ಚಮಚ ತಿಂದ.