ಹತ್ತು ದಿನದ ಕಾವಲು

ಐದು ವರ್ಷದ ಮಗಳ ಮೀನಖಂಡದ ಮೇಲೆ ಹಲ್ಲಿನ ಗುರುತು ಕಂಡಾಗ ಅವಳನ್ನು ಹತ್ತಿರ ಎಳೆದುಕೊಂಡೆ. ಮನೆಯಲ್ಲಿದ್ದದ್ದು ಬಟಾಣಿ ಒಂದೇ, ಮಕ್ಕಳಿಗೆಂದು ತಂದ ಪುಟ್ಟ ಟೆರಿಯರ್ ನಾಯಿ.

"ಬಟಾಣಿ ಕಚ್ತಾ?" ಎಂದೆ. ಅವಳು ಹೂಂಗುಟ್ಟಿದಳು.

"ಲಸಿಕೆ ಹಾಕಿಸಿರೋ ಸಾಕುನಾಯಿ ತಾನೇ? ಚುಚ್ಚುಮದ್ದು ಈಗ ಬೇಡ," ಎಂದರು ಡಾಕ್ಟರು. "ಹತ್ತು ದಿನ ನಾಯಿನ ಗಮನಿಸಿ. ಮಂಕಾದ್ರೆ, ಊಟ ಬಿಟ್ರೆ ತಕ್ಷಣ ಬನ್ನಿ."

ಹತ್ತು ದಿನವೂ ಅದರ ಹಿಂದೆಯೇ ತಿರುಗಿದೆ. ಅದು ನೀರಿಗೆ ಬಾಯಿ ಹಾಕುವುದು ಸ್ವಲ್ಪ ತಡವಾದರೂ ಬಟ್ಟಲನ್ನು ಅದರ ಮೂತಿಯ ಹತ್ತಿರಕ್ಕೆ ತಳ್ಳುತ್ತಿದ್ದೆ. ಹನ್ನೊಂದನೆಯ ಬೆಳಗ್ಗೆ ಅದು ಅನ್ನವೆಲ್ಲ ತಿಂದು ನನ್ನ ಸೆರಗು ಹಿಡಿದು ಎಳೆದಾಗ, ಅಲ್ಲೇ ಕುಳಿತು ಅತ್ತುಬಿಟ್ಟೆ.

"ಸಾಕು ಏಳು," ಎಂದರು ಇವರು, ನಾಯಿಯ ಸರಪಳಿ ಕೈಗೆ ತೆಗೆದುಕೊಳ್ಳುತ್ತ. "ನಾಳೆ ತೊಟ್ಟಿಲಲ್ಲಿರೋ ಕೂಸಿಗೂ ಬಾಯಿ ಹಾಕಿದ್ರೆ? ಇವತ್ತೇ ಯಾರಿಗಾದ್ರೂ ಕೊಟ್ಟು ಬರ್ತೀನಿ."

ಮಗಳು ಓಡಿಬಂದು ನಾಯಿಯನ್ನು ತಬ್ಬಿಕೊಂಡಳು. "ಬೇಡ ಅಪ್ಪ. ಬಟಾಣಿ ಕಚ್ಚಿಲ್ಲ."

"ಮತ್ತೆ ಯಾರು ಕಚ್ಚಿದ್ದು?"

ಅವಳು ನನ್ನ ಮುಖ ನೋಡಿದಳು. "ಅಮ್ಮ ಬೈತಾಳೆ ಅಂತ ಹೇಳ್ಲಿಲ್ಲ. ಗೇಟಿನಾಚೆ ಹೋಗಿದ್ದೆ. ಬೀದಿ ನಾಯಿ ಕಚ್ತು. ಪಾಪ, ಅದು ಮಾರನೇ ದಿನಾನೇ ಸತ್ತೋಯ್ತು."