ಒಂದೇ ಹರಿವಾಣ

ಗಂಡನನ್ನು ಮುಂದಿನ ಕೋಣೆಗೆ, ತನ್ನನ್ನು ಒಳಮನೆಗೆ ಕರೆದಾಗಲೇ ಡಾಲಿಬಾಯಿಗೆ ತಪ್ಪಾಯಿತೆಂದು ಹೊಳೆಯಿತು. ಈ ಅರಬರ ನಾಡಿನಲ್ಲಿ ಅತಿಥಿಗಳಾದರೂ ಗಂಡಸರ ಊಟ ಬೇರೆ, ಹೆಂಗಸರ ಊಟ ಬೇರೆ. ಇಲ್ಲಿನ ರೂವಿ ಪಟ್ಟಣದಲ್ಲಿ ಇಷ್ಟು ವರ್ಷ ಇದ್ದವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಊಟದ ಕರೆಗೆ ಹೂಂ ಅನ್ನುವಾಗ ಮರೆತೇಹೋಗಿತ್ತು.

ಜುಲೈ ಬಿಸಿಲಿಗೆ ಹೆದರಿ ಯಾರೂ ಬಾರದ, ಕಡಲ ಬದಿಯ ಊರು ಅದು. ಊರಿನ ಅರ್ಧ ಜನ ಖರ್ಜೂರದ ಕೊಯ್ಲಿಗೆಂದು ಒಳನಾಡಿಗೆ ಹೋಗಿದ್ದರು. ಡಾಲಿಬಾಯಿಗೆ ಬೇಕಾದದ್ದೂ ಅದೇ. ಪಾರ್ಶ್ವವಾಯು ಬಡಿದು ಬಲಗೈ ಬೆರಳು ಮಡಚದಂತಾದ ಮೇಲೆ ಗಂಡ ಸ್ಟೀಫನ್ ನಾಲ್ಕು ಜನರೆದುರು ಉಣ್ಣುವುದನ್ನೇ ಬಿಟ್ಟಿದ್ದರು. ಮನೆಯಲ್ಲೂ ಎಡಗೈಯಲ್ಲಿ ಚಮಚ ಹಿಡಿದು ಗೋಡೆಯತ್ತ ತಿರುಗಿ ಕೂರುವರು. ತುತ್ತು ಕೊಡಹೋದರೆ, "ನಾನೇನು ತೊಟ್ಟಿಲ ಮಗುವಾ ಮಾರಾಯ್ತಿ?" ಎಂದು ತಟ್ಟೆ ದೂಡುವರು. ಜನರಿಲ್ಲದ ಕಡಲ ಬದಿಯಲ್ಲಾದರೂ ಹೊಟ್ಟೆ ತುಂಬ ಉಂಡಾರು ಎಂದು ಬಂದರೆ, ಇದ್ದೊಂದು ಹೋಟೆಲಿಗೂ ಬೀಗ.

ಹೋಟೆಲಿನ ನೆರಳಲ್ಲಿ ಬಲೆ ಹೊಲಿಯುತ್ತಿದ್ದ ವಯಸ್ಸಾದ ಮೀನುಗಾರ ಸಾಲಿಂ ಎದ್ದು ಬಂದು ಸ್ಟೀಫನ್ನರ ಕೈ ಕುಲುಕಿದ್ದರು. ಹೋಟೆಲು ಮುಚ್ಚಿದರೇನು, ತಮ್ಮ ಮನೆ ಮುಚ್ಚಿಲ್ಲವಲ್ಲ ಎಂದು ಮುರುಕು ಹಿಂದಿಯಲ್ಲಿ ಹೇಳಿ, ಬೇಡವೆನ್ನಲು ಬಿಡದೆ ಕರೆತಂದಿದ್ದರು.

ಈಗ ಮುಂದಿನ ಕೋಣೆಯಲ್ಲಿ ಒಂದೇ ಹರಿವಾಣಕ್ಕೆ ಗಂಡಸರಿಬ್ಬರೂ ಕೈ ಹಾಕಬೇಕು. ಎಡಗೈ ಅದಕ್ಕೆ ತಾಗಬಾರದು. ಹಸಿವಿಲ್ಲವೆಂದು ಸುಳ್ಳು ಹೇಳಿ ಗಂಡ ಸುಮ್ಮನೆ ಕುಳಿತಿರಬೇಕು ಎಂದುಕೊಂಡಳು. ಸಾಲಿಂ ಅವರ ಹೆಂಡತಿ ಝುವೈನಾ ಸುಟ್ಟ ಮೀನಿನ ದಪ್ಪ ತುಂಡನ್ನೇ ಆರಿಸಿ ಅನ್ನದ ಮೇಲಿಟ್ಟಳು. ಡಾಲಿಬಾಯಿ ಅದನ್ನು ಬೆರಳಲ್ಲಿ ತಿರುವುತ್ತ ಕುಳಿತಳು.

"ಮೀನು ಸೇರಲಿಲ್ಲವಾ, ದೀದಿ?"

"ಮೀನು ಚೆನ್ನಾಗುಂಟು. ನಮ್ಮವರ ಕೈ..." ತನಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ ಡಾಲಿಬಾಯಿ ಎಲ್ಲ ಹೇಳಿಕೊಂಡಳು.

ಝುವೈನಾ ನಕ್ಕಳು. "ಕೈ ಕುಲುಕುವಾಗಲೇ ನಮ್ಮವರಿಗೆ ಗೊತ್ತಾಗಿದೆ. ಬಾ." ಮಣಿಕಟ್ಟು ಹಿಡಿದು ಬಾಗಿಲ ಪರದೆಯವರೆಗೆ ಕರೆದೊಯ್ದಳು.

ಪರದೆಯ ಸಂದಿಯಲ್ಲಿ ಡಾಲಿಬಾಯಿ ಇಣುಕಿದಳು. ಸಾಲಿಂ ಹರಿವಾಣದ ಅಂಚಿನಲ್ಲಿ ಮೀನಿನ ಮುಳ್ಳು ಬಿಡಿಸಿ, ಅನ್ನದೊಡನೆ ಉಂಡೆ ಒತ್ತಿ, ಒಂದು ತುತ್ತು ತಾವುಂಡು ಇನ್ನೊಂದನ್ನು ಸ್ಟೀಫನ್ನರ ಬಾಯಿಗಿಡುತ್ತಿದ್ದರು. ನಡುನಡುವೆ ಕಡಲಿನದೇನೋ ಕಥೆ. ಅದು ಎಷ್ಟು ಅರ್ಥವಾಗುತ್ತಿತ್ತೋ, ಸ್ಟೀಫನ್ ಬಾಯಿ ತುಂಬ ಅನ್ನ ಇಟ್ಟುಕೊಂಡೇ ನಗುತ್ತಿದ್ದರು. ಮುಂದಿನ ತುತ್ತು ಇನ್ನೂ ಸಾಲಿಂ ಬೆರಳಲ್ಲಿರುವಾಗಲೇ ಅವರ ಬಾಯಿ ತೆರೆದಿತ್ತು.

ಕರೆಯಲಾ ಎಂದು ಝುವೈನಾ ಪರದೆಗೆ ಕೈಯಿಟ್ಟಳು. ಡಾಲಿಬಾಯಿ ಆ ಕೈಯನ್ನು ಮೆಲ್ಲನೆ ಹಿಂದಕ್ಕೆಳೆದಳು.

"ಬೇಡ ತಂಗಿ. ನಾನು ನೋಡಿದೆ ಅಂತ ಗೊತ್ತಾದರೆ ಮತ್ತೆ ಬಾಯಿ ಮುಚ್ಚಿಬಿಡ್ತಾರೆ."