ಕನ್ನಡಿಯ ಹಾರ

"ಕನ್ನಡಿಗೆ ಕಟ್ಟಿದ್ದ ಹಾರ ಎಲ್ಲಿ ಮಾವ?" ಎಂದು ಗಾಡಿ ಕೊಳ್ಳಲು ಬಂದ ಬುವಾಲೈ ಕೇಳಿದ್ದೇ ತಡ, ಹಳೇ ಪಿಕಪ್ ಮಾರಲು ನಿಂತಿದ್ದ ವಿಚಿಯನ್‌ನ ನಗು ಅರ್ಧಕ್ಕೇ ನಿಂತಿತು. ಗಾಡಿಯನ್ನು ತೊಳೆದು ಮಿರಿಮಿರಿ ಮಿಂಚಿಸಿದ್ದ. ಆದರೆ ಒಳಗಿನ ಕನ್ನಡಿಯಲ್ಲಿ ಒಂದು ಎಸಳು ಹೂವಿಲ್ಲ. ಗಾಡಿ ಕಾಯುವ ತಾಯಿ ಯಾನಾಂಗ್‌ಗೆ ಹಾರ ಹಾಕದೆ ಥಾಯ್ಲೆಂಡಿನ ಈ ಚಾಂತಬುರಿಯಲ್ಲಿ ಯಾರು ತಾನೇ ಚಾವಿ ತಿರುಗಿಸುತ್ತಾರೆ?

"ಒಣಗಿತ್ತಮ್ಮ, ತೆಗೆದೆ. ಹಾರ ಬಿಡು, ಗೇರ್‌ಬಾಕ್ಸ್ ನೋಡು. ಬೆಣ್ಣೆ ಥರ ಬೀಳುತ್ತೆ. ಒಂದು ದಿನಾನೂ ಜಾರಿಲ್ಲ."

ಅವಳ ಮೈಯೆಲ್ಲ ಉರಿಯಿತು. ಇಂಥದೇ ಮಾತು ನಂಬಿ ಕೊಂಡಿದ್ದ ಗಾಡಿ ಹೋದ ಸುಗ್ಗಿಯಲ್ಲಿ ದುರಿಯನ್ ಹಣ್ಣು ಹೇರಿಕೊಂಡು ತೋಟದ ಏರು ಹತ್ತುವಾಗ, ಗೇರು ಜಾರಿ ಹಿಂದಕ್ಕೆ ಉರುಳಿ ಅವಳ ತಮ್ಮನ ಕಾಲು ಜಜ್ಜಿತ್ತು. ಇಲ್ಲಿಯದೋ ಮಟ್ಟಸ ರಸ್ತೆ. ಖಾಲಿ ಗಾಡಿ ಎಷ್ಟು ಓಡಿಸಿದರೂ ಏನೂ ತಿಳಿಯದು. ಕೊಳ್ಳುವ ಗಾಡಿಗೆಂದು ತಂದಿದ್ದ ಮಲ್ಲಿಗೆ ಹಾರವನ್ನು ಚೀಲದಿಂದ ತೆಗೆದು ಅವಳು ಕನ್ನಡಿಗೆ ಬಿಗಿಯಾಗಿ ಕಟ್ಟಿದಳು.

"ಈಗ ಹೇಳಿ ಮಾವ. ಈ ತಾಯಿ ಎದುರು ಹೇಳಿ."

"ಹುಡುಗಾಟ ಆಡ್ಬೇಡ."

"ಇವಳ ಮುಂದೆ ಸುಳ್ಳು ಹೇಳೋಕೆ ಭಯ, ಅದಕ್ಕೇ ಇಳಿಸಿ ಕಳಿಸಿದ್ರಿ. ನನ್ನ ಮುಂದೆ ಹೇಳೋಕೆ ಯಾವ ಭಯಾನೂ ಇಲ್ಲ, ಅಲ್ವಾ?"

ವಿಚಿಯನ್ ಬೆವರು ಒರೆಸಿಕೊಂಡು ಕಿಟಕಿಯೊಳಗೆ ತಲೆ ತೂರಿಸಿ ಕೈಮುಗಿದ.

"ಭಾರ ಹಾಕಿದ್ರೆ ಏರಿನಲ್ಲಿ ಎರಡನೇ ಗೇರು ನಿಲ್ಲಲ್ಲ ತಾಯಿ, ತಪ್ಪಾಯ್ತು," ಎಂದು ಹಾರಕ್ಕೆ ಹೇಳಿದ. ಬುವಾಲೈ ಕಡೆ ತಿರುಗಿಯೂ ನೋಡಲಿಲ್ಲ.